ಡೈರಿಯ ಹಿಂದಿನ ಗೋಡೆ

ಗೋಡೆ ಒಡೆದವರು ಚಿಕ್ಕಯ್ಯ. ಎಲ್ಲಿ ಒಡೆಯಬೇಕು ಅಂತ ಸೀಮೆಸುಣ್ಣದಲ್ಲಿ ಗುಂಡಗೆ ಗುರುತು ಹಾಕಿಕೊಟ್ಟವನು ನಾನು.

ಸುಟ್ಟ ಇಟ್ಟಿಗೆಯ ಗೋಡೆ. ಗಟ್ಟಿ. ಚಾಣದ ತಲೆಗೆ ಸುತ್ತಿಗೆ ಬಿದ್ದಾಗಲೆಲ್ಲ ಚೂರು ಹಾರಿ ಚಿಕ್ಕಯ್ಯನವರ ಮುಖಕ್ಕೆ ಬಡಿಯುತ್ತಿತ್ತು. ಅವರು ಕಣ್ಣು ಕಿರಿದು ಮಾಡಿಕೊಂಡು ಹೊಡೆಯುತ್ತಲೇ ಇದ್ದರು. ಮುಂಗೈ ತರಚಿ ರಕ್ತ ಬಂತು. ಅದಕ್ಕೆ ಅಲ್ಲೇ ಬಿದ್ದಿದ್ದ ಇಟ್ಟಿಗೆ ಪುಡಿ ಮೆತ್ತಿಕೊಂಡರು. ಅವರು ನಿಂತಿದ್ದದ್ದು ಊರಿನ ಚರಂಡಿಯ ಅಂಚಿನಲ್ಲಿ. ಕೊಟ್ಟಿಗೆಗಳ ಗಂಜಲವೆಲ್ಲ ಅದರಲ್ಲೇ ಹರಿಯುತ್ತದೆ.

"ಇದ್ಯಾಕ್ ಸಾ ತೂತು?"

"ಗಾಳಿ ಆಡಕ್ಕೆ. ಮಿಷಿನ್ ಬಿಸಿ ಆಗ್ತದೆ."

"ಓ, ಅಂಗಾ. ಮಿಷಿನ್ಗೂ ಉಸ್ರು ಬೇಕು ಅನ್ನಿ."

ಅವರು ನಕ್ಕರು. ನಾನೂ ನಕ್ಕೆ.

"ನಿಮ್ದು ಯಾವೂರು ಸಾ?"

"ಹೊಳೆನರಸೀಪುರದ ಹತ್ರ."

"ನಮ್ ತಂಗೀನ ಆ ಕಡೀಕೇ ಕೊಟ್ಟಿವ್ನಿ. ಊರು ಯಾವ್ದು ಅಂದ್ರಿ?"

ನಾನು ಡ್ರಿಲ್ಲಿಂಗ್ ಮಿಷಿನ್ ಆನ್ ಮಾಡಿದೆ. ಕೊರೆಯುವುದೇನೂ ಇರಲಿಲ್ಲ. ಸುಮ್ಮನೆ ಗೋಡೆಗೆ ಒತ್ತಿ ಹಿಡಿದೆ. ಚಿಕ್ಕಯ್ಯನವರ ತುಟಿ ಇನ್ನೊಮ್ಮೆ ಆಡಿತು. ಕೇಳಿಸಲಿಲ್ಲ. ಅವರು ಮತ್ತೆ ಸುತ್ತಿಗೆ ಎತ್ತಿಕೊಂಡರು.

ಆ ಊರಲ್ಲಿ ಅವರನ್ನು 'ಅವರು' ಅಂತ ಯಾರೂ ಅನ್ನುವುದಿಲ್ಲ. ಆವತ್ತು ನಾನೂ ಅನ್ನಲಿಲ್ಲ. "ಬೇಗ ಮುಗ್ಸು ಚಿಕ್ಕಯ್ಯ, ಕರೆಂಟ್ ಹೋಗ್ತದೆ" ಅಂದೆ. ನನ್ನ ಅಪ್ಪನ ವಯಸ್ಸು. ನನ್ನ ಅಪ್ಪನ ಕಸುಬು. ನನ್ನ ಅಪ್ಪನ ಜಾತಿ.

ನನ್ನ ಹೆಸರು ಅರುಣ್‌ಕುಮಾರ್. ಈ ಹೆಸರು ಎಲ್ಲ ಜಾತಿಯಲ್ಲೂ ಇದೆ. ಡಿಪ್ಲೊಮಾ ಮಾಡಿ ಹಾಸನದ ಒಂದು ಕಂಪನಿ ಸೇರಿದ್ದೇನೆ. ಹಾಲು ತಂಪು ಮಾಡುವ ದೊಡ್ಡ ಸ್ಟೀಲ್ ಟ್ಯಾಂಕನ್ನು, ಕೂಲರ್ ಅಂತೀವಿ, ಹಳ್ಳಿ ಡೈರಿಗಳಲ್ಲಿ ಕೂರಿಸುವುದು ನನ್ನ ಕೆಲಸ. ಒಬ್ಬನೇ ನಿಂತು ಕೂರಿಸಲು ನನಗೆ ಸಿಕ್ಕ ಮೊದಲ ಊರು ಅದು. ಶಾಂತಿಗ್ರಾಮದಲ್ಲಿ ಬಸ್ಸಿಳಿದು ಒಳಕ್ಕೆ ಹೋಗಬೇಕು. ಊರಿನ ಹೆಸರು ಬೇಡ.

ಡೈರಿ ಅಧ್ಯಕ್ಷ ಪುಟ್ಟಸ್ವಾಮಿಯವರ ಮನೆಯಲ್ಲೇ ನನಗೆ ಊಟ, ಹಾಸಿಗೆ. ಬಂದ ದಿನ ಅವರ ಹೆಂಡತಿ ಅನಸೂಯಮ್ಮ ಮುದ್ದೆ ಇಕ್ಕುತ್ತಾ ಕೇಳಿದರು.

"ಯಾರ ಪೈಕಿನಪ್ಪಾ ನೀನು?"

ನಾನು ಬಾಯಿ ತೆಗೆಯುವ ಮೊದಲೇ ಪುಟ್ಟಸ್ವಾಮಿ ಅಂದರು, "ಮಕ ನೋಡುದ್ರೆ ಗೊತ್ತಾಗಕಿಲ್ವಾ? ನಮ್ಮೋರೇ ಕಣೆ."

ನನ್ನ ಬಾಯಲ್ಲಿ ಮುದ್ದೆ ಇತ್ತು. ನುಂಗಿದೆ. ಅನಸೂಯಮ್ಮ ಇನ್ನೊಂದು ಸೌಟು ಸಾರು ಬಿಟ್ಟರು.

ಅಲ್ಲಿಂದ ಎಲ್ಲವೂ ಸಲೀಸಾಯಿತು. ಡೈರಿ ಜಗಲಿಯ ಮೇಲೆ ಮೀಟಿಂಗ್ ಕರೆದರು. ನಾನು ಉಸಿರು ಬಿಡದೆ ಮಾತಾಡಿದೆ. ಸಂಜೆ ಹಾಲು ಇನ್ನು ಹುಳಿ ಬರುವುದಿಲ್ಲ, ಲಾರಿ ತಡವಾಯಿತು ಅಂತ ಹಾಲು ವಾಪಸ್ ಬರುವುದಿಲ್ಲ, ಟ್ಯಾಂಕರ್ ಇಲ್ಲಿಗೇ ಬರುತ್ತೆ, ತಣ್ಣಗಿನ ಹಾಲಿಗೆ ರೇಟು ಜಾಸ್ತಿ, ಕರೆಂಟ್ ಹೋದರೆ ಜನರೇಟರ್ ಇದೆ, ಬಟನ್ ಒತ್ತಿದರೆ ಸಾಕು! ನಾನು ಹೇಳಿದ್ದು ಸುಳ್ಳಲ್ಲ. ಈಗಲೂ ನಂಬುತ್ತೇನೆ.

ಗುಂಡಯ್ಯ ಅಂತ ಹಳೇ ಡೈರೆಕ್ಟರ್ ಒಬ್ಬರು ಎಲೆ ಅಡಿಕೆ ಅಗಿಯುತ್ತಾ ಕೂತಿದ್ದರು. ಉಗಿದು ಬಂದು ಕೇಳಿದರು.

"ಅಲ್ಲಪ್ಪಾ, ಇದುಕ್ಕೆ ಬಾಯಿ ಒಂದೇಯಾ?"

"ಒಂದೇ."

"ಅಂದ್ರೆ ಎಲ್ರ ಹಾಲೂ ಅದ್ರೊಳಕ್ಕೇ ಬೀಳ್ತದಾ?"

"ಹೌದು, ಅದೇ ಅದರ ಅನುಕೂಲ..."

ನಾನು ಮುಂದುವರಿಸುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಇಲ್ಲಿಯವರೆಗೆ ಕ್ಯಾನುಗಳಿದ್ದವು. ಊರಿನವರು ಹಾಕಿ ಮುಗಿಸಿದ ಮೇಲೆ ಕಾಲೊನಿಯ ಹೆಂಗಸರು ಹಾಕಬೇಕು. ಅವರ ಕ್ಯಾನು ಬೇರೆ. ಜಗಲಿಯ ತುದಿಯಲ್ಲಿ, ಬಿಸಿಲಿನಲ್ಲಿ. ಕೊನೆಗೆ ಬಂದದ್ದು ಮೊದಲು ಕೆಡುತ್ತಿತ್ತು. ಲಾರಿ ಹಾಸನಕ್ಕೆ ಹೋದ ಮೇಲೆ ಎಲ್ಲ ಕ್ಯಾನನ್ನೂ ಒಂದೇ ತೊಟ್ಟಿಗೆ ಸುರಿಯುತ್ತಿದ್ದರು. ಅದು ಎಲ್ಲರಿಗೂ ಗೊತ್ತು. ಕಣ್ಣೆದುರಿಗೆ ಆಗಬಾರದು ಅಷ್ಟೆ.

"ದೇವಸ್ಥಾನದ ಅಭಿಷೇಕಕ್ಕೆ ಇಲ್ಲಿಂದ್ಲೇ ಹಾಲು ಒಯ್ಯೋದು ಕಣಪ್ಪಾ," ಅಂದರು ಗುಂಡಯ್ಯ. "ಈ ಮಿಷಿನ್ ಬ್ಯಾಡ. ಬ್ಯಾರೆ ಊರಿಗೆ ಕೊಟ್ಕಳಿ."

ಕಾಲೊನಿಯ ಒಬ್ಬರೂ ಆ ಮೀಟಿಂಗಿನಲ್ಲಿ ಇರಲಿಲ್ಲ. ಇರುವ ಹಾಗೂ ಇಲ್ಲ. ಅವರು ಹಾಲು ಹಾಕುತ್ತಾರೆ, ಮೆಂಬರುಗಳಲ್ಲ. ಅರ್ಜಿ ಕೇಳಿದಾಗಲೆಲ್ಲ 'ಷೇರು ಮುಗಿದಿದೆ' ಅಂತ ವಾಪಸ್ ಕಳಿಸಿದ್ದಾರೆ. ಷೇರಿಲ್ಲ, ಓಟಿಲ್ಲ. ಓಟಿಲ್ಲದವರ ಮಾತು ಮೀಟಿಂಗಿಗೆ ಬರುವುದಿಲ್ಲ.

ಮಿಷಿನ್ ವಾಪಸ್ ಹೋಗುತ್ತೆ ಅಂದದ್ದೇ ನನ್ನ ತಲೆ ಓಡಿತು. ಅವತ್ತೇ ಪುಟ್ಟಸ್ವಾಮಿಯವರನ್ನು ಪಕ್ಕಕ್ಕೆ ಕರೆದು ಹೇಳಿದೆ. ಹಿಂದಿನ ಗೋಡೆಗೆ ಒಂದು ತೂತು. ಹೊರಗೊಂದು ಆಲಿಕೆ. ಅಲ್ಲಿಂದ ಒಂದು ಸ್ಟೀಲ್ ಪೈಪು, ಒಂದು ವಾಲ್ವು. ಊರಿನ ಹಾಲು ಬಿದ್ದು, ಅಭಿಷೇಕಕ್ಕೆ, ಮನೆಗಳಿಗೆ ಬೇಕಾದದ್ದು ತೆಗೆದುಕೊಂಡ ಮೇಲೆ ವಾಲ್ವು ಬಿಡುವುದು. ಅವರು ಒಳಗೆ ಬರುವುದೇ ಬೇಡ.

ಪುಟ್ಟಸ್ವಾಮಿ ನನ್ನ ಬೆನ್ನು ತಟ್ಟಿದರು. "ಭಲೇ ತಲೆ ಕಣಯ್ಯಾ ನಿಂದು. ನಂಗೇನೂ ಇಲ್ಲಪ್ಪಾ ಈ ಜಾತಿಗೀತಿ. ಊರು ಒಪ್ಪಬೇಕಲ್ಲ."

ನನಗೆ ಖುಷಿಯಾಯಿತು. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಖುಷಿಯಾಯಿತು. ಕಾಲೊನಿಯ ಹಾಲೂ ಕೆಡುವುದಿಲ್ಲ, ಅವರಿಗೂ ರೇಟು ಸಿಗುತ್ತೆ, ಊರಿಗೂ ಸಿಟ್ಟಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಪೈಪಿನ ಇಳಿಜಾರು ಎಷ್ಟಿರಬೇಕು ಅಂತ ಮೊಬೈಲಿನಲ್ಲಿ ಲೆಕ್ಕ ಹಾಕಿಕೊಂಡೆ.

ಕೂಲರ್ ಶುರುವಾದ ಬೆಳಿಗ್ಗೆ ಟ್ಯಾಂಕಿಗೆ ಕುಂಕುಮ ಇಟ್ಟು, ಹಾರ ಹಾಕಿ, ಕಾಯಿ ಒಡೆದರು. ಊರಿನವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಹಾಲು ಹುಯ್ದರು. ಸೆಕ್ರೆಟರಿ ಶಿವರಾಜು ಅಭಿಷೇಕದ ಹಾಲು ತೆಗೆದಿಟ್ಟು ನನ್ನ ಕಡೆ ನೋಡಿದ.

"ಸಾ, ಅವ್ರಿಗೆ ಇಂದ್ಗಡೆ ವಸಿ ತೋರ್ಸ್ಕೊಟ್ ಬನ್ನಿ."

ಹಿಂದೆ ಹೋದೆ. ಬೆಟ್ಟಮ್ಮ ಸೊಂಟದ ಮೇಲೆ ಹಾಲಿನ ಕ್ಯಾನು ಇಟ್ಟುಕೊಂಡು ನಿಂತಿದ್ದರು. ಚಿಕ್ಕಯ್ಯನವರ ಹೆಂಡತಿ. ಪಕ್ಕದಲ್ಲಿ ಮಗಳು ಶೋಭಿತಾ, ಚನ್ನರಾಯಪಟ್ಟಣದಲ್ಲಿ ಡಿಗ್ರಿ ಓದುತ್ತಿರುವವಳು. ಅವರ ಹಿಂದೆ ಕಾಲೊನಿಯ ಉಳಿದ ಹೆಂಗಸರು. ಎಲ್ಲರೂ ತಲೆ ಎತ್ತಿ ಆಲಿಕೆ ನೋಡುತ್ತಿದ್ದರು.

ಆಗ ನನಗೆ ಕಂಡಿತು. ಟ್ಯಾಂಕಿನ ಬಾಯಿ ಎತ್ತರದಲ್ಲಿದೆ. ಹಾಲು ತಾನಾಗಿ ಹರಿಯಬೇಕಾದರೆ ಆಲಿಕೆ ಅದಕ್ಕಿಂತ ಎತ್ತರದಲ್ಲಿರಬೇಕು. ಚರಂಡಿಯ ಕಡೆ ನೆಲ ತಗ್ಗು. ಹಾಲು ಹರಿಯುವ ಲೆಕ್ಕ ನಾನು ಹಾಕಿದ್ದೆ. ಎತ್ತುವ ಕೈಯ ಲೆಕ್ಕ ಹಾಕಿರಲಿಲ್ಲ. ಆಲಿಕೆ ಬೆಟ್ಟಮ್ಮನವರ ತಲೆಗಿಂತ ಮೇಲಿತ್ತು.

"ಈ ಕಲ್ಲಿನ ಮೇಲೆ ಹತ್ತಿ ಹುಯ್ದ್ರೆ ಸಾಕಮ್ಮ," ಅಂದೆ. "ನೇರ ಟ್ಯಾಂಕಿಗೇ ಹೋಗ್ತದೆ. ಇನ್ಮೇಲೆ ನಿಮ್ಮ ಹಾಲೂ ಕೆಡಲ್ಲ."

"ಅವ್ರು ಉಯ್ದ ಟ್ಯಾಂಕ್ಗೇಯಾ?"

"ಅದಕ್ಕೇ."

"ಅಂಗಾರೆ ಮುಂದ್ಲ ಬಾಗ್ಲು ಏನ್ ಮಾಡ್ತಪ್ಪಾ?"

ಕಂಪ್ರೆಸರ್ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ. ವೋಲ್ಟೇಜ್ ಬಗ್ಗೆ ಕೇಳಿದ್ದರೆ ಹೇಳುತ್ತಿದ್ದೆ.

ಬೆಟ್ಟಮ್ಮ ಕಾಯಲಿಲ್ಲ. ಬಿಸಿಲೇರಿದರೆ ಹಾಲು ಕೆಡುತ್ತೆ. ಕಲ್ಲು ಹತ್ತಿದರು. ಕ್ಯಾನನ್ನು ಎದೆಗೆ ಎತ್ತಿದರು, ಅಲ್ಲಿಂದ ತಲೆಯ ಮೇಲಕ್ಕೆ. ತೋಳು ನಡುಗಿತು. ಕಲ್ಲು ಅಲ್ಲಾಡಿತು. ಹಾಲು ಆಲಿಕೆಯ ಅಂಚಿಗೆ ಬಡಿದು ಅವರ ಮುಖದ ಮೇಲೆ, ರವಿಕೆಯ ಮೇಲೆ ಸುರಿದು ಚರಂಡಿಗಿಳಿಯಿತು.

ತೂತಿನೊಳಗಿಂದ ಶಿವರಾಜುವಿನ ದನಿ ಬಂತು. "ಸರ್ಯಾಗ್ ಉಯ್ಯಮ್ಮೀ, ಚೆಲ್ಬ್ಯಾಡ."

"ಇಳಿಯವ್ವ," ಅಂದಳು ಶೋಭಿತಾ. "ಇಳಿ ಅಂದೆ."

ಅಷ್ಟರಲ್ಲಿ ಚಿಕ್ಕಯ್ಯ ಬದುವಿನಿಂದ ಹುಲ್ಲಿನ ಹೊರೆ ಹೊತ್ತು ಬಂದರು. ಹೆಂಡತಿಯನ್ನು ನೋಡಿದರು. ಸೆರಗಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಆಲಿಕೆ ನೋಡಿದರು. ಪೈಪು ನೋಡಿದರು. ತಾವೇ ಒಡೆದ ತೂತನ್ನು ನೋಡಿದರು. ಕೊನೆಗೆ ನನ್ನನ್ನು.

"ಗಾಳಿ ಆಡಕ್ಕೆ ಅಂದ್ರಿ ಸಾ."

ಅಷ್ಟೇ. ಬೈಯಲಿಲ್ಲ. ಹೊರೆ ಕೆಳಗೆ ಹಾಕಿದರು. ಕಲ್ಲು ಹತ್ತಿ ಆಲಿಕೆ ಬಿಚ್ಚಿದರು, ಪೈಪು ಎಳೆದರು, ಎರಡನ್ನೂ ತಂದು ನನ್ನ ಕಾಲ ಹತ್ತಿರ ಇಟ್ಟರು. ಮುರಿಯಲಿಲ್ಲ. ಗೋಡೆಯ ಬುಡದಲ್ಲಿ ನಮ್ಮ ಕೆಲಸಕ್ಕೆ ತಂದು ಉಳಿದಿದ್ದ ಸಿಮೆಂಟಿತ್ತು. ಶೋಭಿತಾ ನಲ್ಲಿಯಿಂದ ನೀರು ತಂದಳು. ಅವರು ಕೈಯಲ್ಲೇ ಕಲಸಿದರು. ಆ ತರಚಿದ ಕೈಯಲ್ಲೇ.

ಶಿವರಾಜು ಓಡಿಬಂದ. "ಲೇ ಚಿಕ್ಕ, ಯಾವನ್ಲಾ ಯೋಳ್ದೋನು ಮುಚ್ಚು ಅಂತ?"

"ಒಡಿ ಅಂದಾಗ ಯಾರ್ ಯೋಳುದ್ರು ಅಂತ ನಾ ಕೇಳ್ಲಿಲ್ಲ. ಈಗ ನೀವೂ ಕೇಳ್ಬ್ಯಾಡಿ."

"ನಾಳಿಂದ ಅಧ್ಯಕ್ಷರ ತ್ವಾಟಕ್ಕೆ ಬರಂಗಿಲ್ಲ ನೋಡ್ ಮತ್ತೆ!"

"ಬರಕಿಲ್ಲ."

"ಹುಲ್ಲು ಕುಯ್ಯಕೆ ನಮ್ ಬದ ತುಳಿಯಂಗಿಲ್ಲ!"

"ತುಳಿಯಕಿಲ್ಲ. ಸರ್ಕಳಿ, ಸಿಮೆಂಟು ಬಟ್ಟೆಗ್ ಆಯ್ತದೆ."

ಚಿಕ್ಕಯ್ಯ ಗೋಡೆಯ ಕಡೆ ತಿರುಗಿ, ನನ್ನ ಕಡೆ ಕೈ ಚಾಚಿದರು. "ಆ ಇಟ್ಟಿಗೆ ಕೊಡಿ ಸಾ."

ಇಟ್ಟಿಗೆ ನನ್ನ ಕಾಲ ಬಳಿಯೇ ಇತ್ತು. ಬಗ್ಗಿದರೆ ಸಿಗುತ್ತಿತ್ತು. ಶಿವರಾಜು ನನ್ನನ್ನೇ ನೋಡುತ್ತಿದ್ದ. ನಾನು ಬಗ್ಗಲಿಲ್ಲ. ಶೋಭಿತಾ ಬಂದು ಎತ್ತಿಕೊಟ್ಟಳು. ನನ್ನನ್ನು ನೋಡಲೂ ಇಲ್ಲ.

ತೂತು ಮುಚ್ಚಿತು. ಹೆಂಗಸರು ಹಾಲು ಹೊತ್ತುಕೊಂಡು ವಾಪಸ್ ಹೋದರು.

ಅವತ್ತು ಸಂಜೆಯೂ ಅವರು ಬರಲಿಲ್ಲ. ಮಾರನೆಯ ಬೆಳಿಗ್ಗೆಯೂ ಬರಲಿಲ್ಲ. ಟ್ಯಾಂಕಿನೊಳಗೆ ಹಾಲು ಕಲಕುವ ಒಂದು ರೆಕ್ಕೆ ಇದೆ. ಹಾಲು ಅದರ ಮಟ್ಟಕ್ಕೆ ಏರದಿದ್ದರೆ ರೆಕ್ಕೆ ಗಾಳಿಯಲ್ಲಿ ತಿರುಗುತ್ತದೆ. ತಳದ ಹಾಲು ಮಂಜುಗಟ್ಟುತ್ತದೆ, ಮೇಲಿನದು ಬೆಚ್ಚಗೇ ಉಳಿದು ಹುಳಿಯಾಗುತ್ತದೆ. ಹಾಗೇ ಆಯಿತು. ಟ್ಯಾಂಕರಿನವನು ಮುಚ್ಚಳ ತೆಗೆದು, ಮೂಸಿ, ಹಾಕಿಕೊಳ್ಳದೆ ಹೊರಟುಹೋದ. ಹಾರ ಹಾಕಿದ ಟ್ಯಾಂಕಿನಿಂದ ಊರಿನ ಹಾಲನ್ನೆಲ್ಲ ಚರಂಡಿಗೆ ಬಿಟ್ಟೆವು.

"ಇದೇನ್ಲಾ ನಿನ್ ಮಿಷಿನ್ನು?" ಅಂತ ಪುಟ್ಟಸ್ವಾಮಿ ಕೂಗಿದರು.

"ಮಿಷಿನ್ ಸರಿ ಇದೆ. ಹಾಲು ಸಾಲ್ತಿಲ್ಲ."

ಊರಿನ ದೊಡ್ಡ ಮನೆಗಳಲ್ಲಿ ಈಗ ದನ ಕಡಿಮೆ. ತೆಂಗು ಇದೆ, ಹಾಸನದಲ್ಲಿ ಅಂಗಡಿ ಇದೆ, ಸಂಬಳ ಬರುತ್ತೆ. ಸಗಣಿ ಬಾಚುವವರು ಯಾರು? ಹಸು ಕಟ್ಟಿರುವುದು ಕಾಲೊನಿಯಲ್ಲಿ. ಆ ಹಾಲು ಬೀಳದೆ ರೆಕ್ಕೆ ಮುಳುಗುವುದಿಲ್ಲ.

ಗುಂಡಯ್ಯ ಗಲ್ಲ ಕೆರೆದುಕೊಂಡರು. "ವಸಿ ಎತ್ರ ಆಯ್ತು ಅಷ್ಟೆಯಾ. ತಗ್ಗಿಗೆ ಇನ್ನೊಂದ್ ತೂತ ಒಡ್ಸುದ್ರೆ ಎಂಗೆ?"

ಯಾರೂ ನಗಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ. ಇನ್ನೂ ಕೆಟ್ಟದ್ದು ಹೇಳುತ್ತೇನೆ. ಒಂದು ಸಣ್ಣ ಪಂಪ್ ಹಾಕಿದರೆ ತಗ್ಗಿನಿಂದಲೂ ಹಾಲು ಏರುತ್ತೆ ಅಂತ ನನ್ನ ತಲೆ ಅಷ್ಟರಲ್ಲೇ ಲೆಕ್ಕ ಹಾಕಿಬಿಟ್ಟಿತ್ತು.

"ನೀನೇ ಓಗ್ ಮಾತಾಡ್ಕಂಡ್ ಬಾ," ಅಂದರು ಪುಟ್ಟಸ್ವಾಮಿ. "ನಿನ್ ಮಾತು ನಯ."

ಕಾಲೊನಿಗೆ ಹೋದೆ. ಬೆಟ್ಟಮ್ಮ ಕೊಟ್ಟಿಗೆ ಮುಂದೆ ಜೋಳದ ಕಡ್ಡಿ ಕತ್ತರಿಸುತ್ತಿದ್ದರು. ಹಾಲಿಗೆ ಹೆಪ್ಪು ಹಾಕಿ, ಆದಷ್ಟನ್ನು ಶಾಂತಿಗ್ರಾಮದ ಹೋಟೆಲುಗಳಿಗೆ ಕೊಟ್ಟು ಬಂದಿದ್ದರಂತೆ. ಉಳಿದದ್ದನ್ನು ಏನು ಮಾಡುವುದು ಅಂತ ಅವರಿಗೂ ಗೊತ್ತಿರಲಿಲ್ಲ. ಚಿಕ್ಕಯ್ಯ ಚಾಪೆ ಹಾಸಿದರು.

"ನೀರ್ ಕುಡೀತೀರಾ ಸಾ?" ಅಂದರು ಬೆಟ್ಟಮ್ಮ. ಕೇಳಿದ ರೀತಿಯಲ್ಲೇ, ಬೇಡ ಅಂದರೂ ನಡೆಯುತ್ತೆ ಅನ್ನುವುದಿತ್ತು.

ಕುಡಿದೆ. ಪೂರ್ತಿ ಕುಡಿದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಊರ ಜನ ಯಾರೂ ಕುಡಿಯಕಿಲ್ಲ ಸಾ ನಮ್ ಮನೇಲಿ," ಅಂದರು ಚಿಕ್ಕಯ್ಯ. ಅವರ ಮುಖ ಮೆತ್ತಗಾಯಿತು. "ತೂತ ಮಾಡ್ಸುದ್ರೂ ನೀವು ಒಳ್ಳೇವ್ರೇ ಬುಡಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮೆಚ್ಚುಗೆ ತಡೆಯಲಾಗಲಿಲ್ಲ.

"ನಾನೂ ನಿಮ್ಮೋನೇ ಕಣಣ್ಣ," ಅಂದೆ. ನನ್ನೂರಿನ ಹೆಸರು ಹೇಳಿದೆ. ನಮ್ಮ ಬೀದಿ ಹೇಳಿದೆ.

ಬೆಟ್ಟಮ್ಮನವರ ಕುಡುಗೋಲು ನಿಂತಿತು. ಶೋಭಿತಾ ಬಾಗಿಲಿಗೆ ಒರಗಿ ನಿಂತಿದ್ದವಳು ಕೇಳಿದಳು, "ನಿಮ್ಮವ್ವ ಬಂದಿದ್ರೆ ಅವರ್ನೂ ಆ ಕಲ್ ಮೇಲೆ ಹತ್ತುಸ್ತಿದ್ರಾ?"

ಚಿಕ್ಕಯ್ಯ ನೆಲ ನೋಡುತ್ತಾ ಅಂದರು, "ಅವ್ರು ಮಾಡುದ್ರೆ ಸಿಟ್ಟು ಬತ್ತದೆ. ನೀನ್ ಮಾಡಿದ್ಕೆ ಏನ್ ಬರ್ಬೇಕು ಅಂತ್ಲೇ ಗೊತ್ತಾಯ್ತಿಲ್ಲ ಕಣ್ಲಾ." ಈಗ ಸಾ ಇರಲಿಲ್ಲ.

"ತಪ್ಪಾಯ್ತು."

"ಅದುನ್ನ ನಮಗ್ಯಾಕ್ ಯೋಳ್ತಿಯೆ?" ಅಂದರು ಬೆಟ್ಟಮ್ಮ. "ಅಲ್ಲೋಗ್ ಯೋಳು, ನಿಂಗ್ ಉಣ್ಣಕ್ ಇಕ್ದೋರ್ಗೆ."

ಶೋಭಿತಾ ಹತ್ತಿರ ಬಂದಳು. "ಇದೂ ಹೇಳಿ. ಮುಂದ್ಲ ಬಾಗ್ಲಲ್ಲಿ ಬತ್ತೀವಿ. ಬಾಗ್ಲು ಸಾಲ್ದು, ಮೆಂಬರ್ ಮಾಡ್ಕಬೇಕು. ಓಟಿಲ್ದೆ ಹಾಲ್ ಹಾಕುದ್ರೆ, ಇನ್ನೊಂದ್ ಮೀಟಿಂಗ್ ಮಾಡಿ ಇನ್ನೊಂದ್ ತೂತ ಮಾಡ್ತೀರಿ. ಅಲ್ವಾ?"

ನನ್ನ ತಲೆಯೊಳಗಿನ ಪಂಪು ಅವಳಿಗೆ ಹೇಗೆ ಕಂಡಿತೋ.

ಪುಟ್ಟಸ್ವಾಮಿ ಮನೆಯ ಜಗಲಿಯಲ್ಲೇ ಇದ್ದರು. ಶೋಭಿತಾ ಹೇಳಿದ್ದನ್ನು ಹೇಳಿದೆ.

"ಏನಯ್ಯಾ, ಅವ್ರ ಲಾಯರ್ ಆಗ್ಬುಟ್ಟಾ?"

"ನಾನೂ ಅವರ ಪೈಕಿನೇ," ಅಂದೆ.

ತಟ್ಟೆ ಹಿಡಿದು ಬರುತ್ತಿದ್ದ ಅನಸೂಯಮ್ಮ ಹೊಸ್ತಿಲಲ್ಲೇ ನಿಂತರು. "ಅಯ್ಯೋ ಶಿವನೇ. ಒಲೆ ತಂಕ ಬಂದ್ಬುಟ್ಟವ್ನಲ್ರೀ." ಅವರು ಕೂಗಲಿಲ್ಲ. ಒಳಗೆ ಹೋಗಿ ನನ್ನ ಬ್ಯಾಗು ತಂದಿಟ್ಟರು. ಅದರ ಮೇಲೆ ನಾನು ಉಣ್ಣುತ್ತಿದ್ದ ತಟ್ಟೆ, ಲೋಟ ಇಟ್ಟರು. ಒಗೆಯಲಿಲ್ಲ. ಮೆಲ್ಲಗೆ ಇಟ್ಟರು. "ತಗಂಡೋಗಪ್ಪ. ನಮಗ್ ಬರಕಿಲ್ಲ ಇವು."

ಪುಟ್ಟಸ್ವಾಮಿ ನನ್ನ ಮುಖ ನೋಡದೆ ಅಂದರು, "ಬಾಗ್ಲಲ್ಲಿ ಬರಕ್ಕೇಳು. ಟ್ಯಾಂಕರ್ನವ್ನು ಇನ್ನೊಂದ್ ಕಿತ ವಾಪಸ್ ಓದ್ರೆ ನನ್ ಮಾನ ಓಯ್ತದೆ. ಮೆಂಬರ್ ಇಚಾರ ಆಮೇಕೆ ನೋಡಮ."

ಅಂದರೆ ಹಾಲು ಬೇಕು. ಬಾಯಿ ಬೇಡ. ನಾನು ಅದನ್ನೂ, ರೆಕ್ಕೆ ಮುಳುಗದ ಕಥೆಯನ್ನೂ ಕಾಲೊನಿಗೆ ಹೋಗಿ ಹೇಳಿ, ಡೈರಿಯಲ್ಲೇ ಮಲಗಿದೆ.

ಬೆಳಿಗ್ಗೆ ಶಿವರಾಜು ಮುಂಬಾಗಿಲನ್ನು ಪೂರ್ತಿ ತೆಗೆದ. ಕಾಲೊನಿಯ ಹೆಂಗಸರು ಮುಂದಿನ ರಸ್ತೆಯಲ್ಲಿ ಬಂದರು. ಗುಂಡಯ್ಯ ಅವರನ್ನು ನೋಡಿ ತಮ್ಮ ಕ್ಯಾನಿನ ಮುಚ್ಚಳ ಬಡಿದು ಮುಚ್ಚಿ ಮನೆ ಕಡೆ ತಿರುಗಿದರು. ಇನ್ನು ಕೆಲವರು ಅವರ ಹಿಂದೆ ಹೋದರು. ಉಳಿದವರು ಹೋಗಲಿಲ್ಲ, ಹತ್ತಿರವೂ ಬರಲಿಲ್ಲ. ಪುಟ್ಟಸ್ವಾಮಿ ಕೈ ಕಟ್ಟಿಕೊಂಡು ಗೋಡೆಗೆ ಒರಗಿದ್ದರು.

ಬೆಟ್ಟಮ್ಮ ಹೊಸ್ತಿಲ ಆಚೆ ನಿಂತು ಅವರಿಗೆ ಹೇಳಿದರು, "ಬೆಳಗಿನ್ ಹಾಲು ತಂದಿವ್ನಿ. ಸಂಜೇದು ಮೆಂಬರ್ ಮಾಡಿದ್ ಮ್ಯಾಕೆ."

"ಅಂಗೆಲ್ಲ ಆಯ್ತದೇನಮ್ಮೀ? ಸಂಜೇದು ಬೀಳ್ದಿದ್ರೆ..."

"ಗೊತ್ತು. ರೆಕ್ಕೆ ಮುಳುಗಕಿಲ್ಲ."

ಹೊಸ್ತಿಲು ದಾಟಿದರು. ಟ್ಯಾಂಕಿನ ಮೆಟ್ಟಿಲ ಬಳಿ ಬಂದರು. ನಾನು ಮುಚ್ಚಳ ತೆಗೆದು ಕಾಯುತ್ತಿದ್ದೆ. ಎಲ್ಲರೂ ನೋಡುವ ಹಾಗೆ ಆ ಕ್ಯಾನನ್ನು ಅವರ ಕೈಯಿಂದ ಇಸಿದುಕೊಂಡು ನಾನೇ ಹುಯ್ಯಬೇಕು ಅಂದುಕೊಂಡಿದ್ದೆ. ಅದನ್ನೇ ಯೋಚಿಸುತ್ತಾ ಎದ್ದಿದ್ದೆ. ಎರಡೂ ಕೈ ಚಾಚಿದೆ.

"ಕೊಡವ್ವ. ನಾ ಉಯ್ತೀನಿ."

"ಕೈ ತೆಗಿ," ಅಂದರು ಬೆಟ್ಟಮ್ಮ.

ತೆಗೆದೆ. ಅವರು ಮೆಟ್ಟಿಲು ಹತ್ತಿ, ಕ್ಯಾನು ಬಗ್ಗಿಸಿ, ತಮ್ಮ ಹಾಲು ತಾವೇ ಹುಯ್ದರು.